ಗಡಿ ಅಳಿಸಿದರು, ಚೀಟಿ ಅಂಟಿಸಿದರು

ನಮ್ಮ ಭಾವ ಮ್ಯೂನಿಕ್‌ನಲ್ಲಿದ್ದಾರೆ. ಯುಗಾದಿ ದಿನ ಫೋನ್ ಮಾಡಿ, "ಬೇಸಿಗೆಗೆ ಅತ್ತೆನ ಕರ್ಕೊಂಡು ಬಾರಯ್ಯ. ಕಾರಲ್ಲೇ ಐದು ದೇಶ ಸುತ್ತಿ ಬರೋಣ. ಇಲ್ಲಿ ಗಡಿ ಅನ್ನೋದೇ ಇಲ್ಲ. ಮಂಡ್ಯ ದಾಟಿ ಮದ್ದೂರಿಗೆ ಹೋದ ಹಾಗೆ" ಅಂದರು. ನಾನು ನಂಬಿದೆ. ಮದ್ದೂರು ಅಂದ ಮೇಲೆ ವಡೆಯೂ ಕಣ್ಮುಂದೆ ಬಂತು.

ವಾರ ಬಿಟ್ಟು ಒಂದು ಎಕ್ಸೆಲ್ ಶೀಟ್ ಬಂತು. ನೋಡುವ ಜಾಗಗಳ ಪಟ್ಟಿ ಇರಬಹುದು ಅಂತ ಆಸೆಯಿಂದ ತೆರೆದೆ. ಕಾಲಂಗಳು ಹೀಗಿದ್ದವು: ದೇಶ, ಸ್ಟಿಕ್ಕರ್, ಗಾಜಿನ ಯಾವ ಮೂಲೆ, ಎಷ್ಟು ದಿನಕ್ಕೆ, ಇಲ್ಲದಿದ್ದರೆ ದಂಡ. ವೆರೋನಾ, ಫ್ಲಾರೆನ್ಸ್, ಲುಸರ್ನ್ ಎಲ್ಲ ಕಟ್ಟಕಡೆಯ ಕಾಲಂನಲ್ಲಿದ್ದವು. ಅದರ ತಲೆಬರಹ "ಷರಾ".

ಗಡಿ ಇಲ್ಲ ಅನ್ನೋದು ಸುಳ್ಳಲ್ಲ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಶೆಂಗೆನ್ ಅನ್ನೋ ಪುಟ್ಟ ಊರಿನ ಹತ್ತಿರ, ಮೊಸೆಲ್ ನದಿಯಲ್ಲಿ ನಿಂತ ಒಂದು ಹಡಗಿನಲ್ಲಿ ಐದು ದೇಶದವರು ಕೂತು ಸಹಿ ಹಾಕಿದರು. ನಡುವಿನ ಗೇಟುಗಳನ್ನು ತೆಗೆದುಬಿಡೋಣ ಅಂತ. ಈಗ ಆ ಕೂಟದಲ್ಲಿ 29 ದೇಶಗಳಿವೆ. ಆದರೆ ಗೇಟಿನಲ್ಲಿ ಕೂರುತ್ತಿದ್ದ ಆಸಾಮಿ ಸುಮ್ನೆ ಮನೆಗೆ ಹೋದನೇ? ಇಲ್ಲ. ಪಕ್ಕದ ಪೆಟ್ರೋಲ್ ಬಂಕ್‌ನಲ್ಲಿ ಸ್ಟಿಕ್ಕರ್ ಮಾರಲು ಕೂತ.

ಮೊದಲು ನಮ್ಮ ಪಾಡು ಹೇಳಿಬಿಡುತ್ತೇನೆ. ಅಷ್ಟೂ ದೇಶಕ್ಕೆ ಒಂದೇ ವೀಸಾ. ಭಾರಿ ಅನುಕೂಲ. ಆದರೆ ಅದನ್ನು ಕೇಳಬೇಕಾದ್ದು ಯಾವ ದೇಶವನ್ನು? ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಅದನ್ನು. ಭಾವನ ಮೊದಲ ಲೆಕ್ಕದಲ್ಲಿ ಇಟಲಿಗೆ ಐದು ರಾತ್ರಿ, ಜರ್ಮನಿಗೆ ನಾಲ್ಕು. ಕರೆಸಿಕೊಳ್ಳುವ ಪತ್ರ ಬರೆದವರು ಜರ್ಮನಿಯ ಭಾವ, ಅರ್ಜಿ ಹಾಕಬೇಕಾದ್ದು ಇಟಲಿಗೆ! ಹಾಗಾಗಿ ಅಮ್ಮನ ಒಂದು ರಾತ್ರಿಯ ನಿದ್ದೆಯನ್ನು ಫ್ಲಾರೆನ್ಸ್‌ನಿಂದ ಎತ್ತಿ ಮ್ಯೂನಿಕ್‌ಗೆ ಹಾಕಿದೆವು. ವೀಸಾ ಸಿಗುತ್ತೋ ಇಲ್ವೋ ಗೊತ್ತಿಲ್ಲ, ಹನ್ನೊಂದನೇ ರಾತ್ರಿ ಯಾವ ಹೋಟೆಲಿನಲ್ಲಿ ಮಲಗುತ್ತೀರಿ ಅನ್ನೋದಕ್ಕೆ ಮಾತ್ರ ಪುರಾವೆ ಬೇಕು. ತಲೆಗೆ 90 ಯೂರೋ ಫೀಸು. ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವಿಮೆ. ಅಮ್ಮ ಅದನ್ನು ರೂಪಾಯಿಗೆ ಗುಣಿಸಿ ನೋಡಿ, "ಇಷ್ಟು ವರ್ಷದಲ್ಲಿ ನಮ್ಮನೇಲಿ ಯಾರೂ ನನಗೆ ಅಷ್ಟು ಬೆಲೆ ಕಟ್ಟಿರಲಿಲ್ಲ" ಅಂದರು.

ಇನ್ನು ರಸ್ತೆಗೆ ಬರೋಣ.

ಮ್ಯೂನಿಕ್ ಬಿಟ್ಟು ಒಂದೆರಡು ಗಂಟೆಯೊಳಗೆ ಆಸ್ಟ್ರಿಯಾ. ಅಲ್ಲಿ ಹೆದ್ದಾರಿ ಹತ್ತಲು ವಿನ್ಯೆಟ್ ಬೇಕು. ಅಂದರೆ ಇಷ್ಟು ದಿನ ಅಂತ ದುಡ್ಡು ಕಟ್ಟಿ ಪಡೆಯುವ ರಹದಾರಿ. ಇದನ್ನು ಗಾಜಿಗೆ ಅಂಟಿಸುವ ಕಷ್ಟ ಬೇಡ ಅಂತ ಆಸ್ಟ್ರಿಯಾ ಡಿಜಿಟಲ್ ಮಾಡಿತು. ಮನೆಯಲ್ಲೇ ಕೂತು ಕ್ಷಣದಲ್ಲಿ ಕೊಳ್ಳಬಹುದು. ಕ್ಷಣದಲ್ಲಿ ಕೊಂಡದ್ದು ಜಾರಿಗೆ ಬರುತ್ತಿದ್ದದ್ದು ಮಾತ್ರ 18ನೇ ದಿನಕ್ಕೆ! ಯಾಕಪ್ಪಾ ಅಂದರೆ, ನೆಟ್‌ನಲ್ಲಿ ಕೊಂಡ ವಸ್ತುವನ್ನು 14 ದಿನದೊಳಗೆ ವಾಪಸ್ ಮಾಡುವ ಹಕ್ಕು ಗ್ರಾಹಕನಿಗಿದೆ. ಒಂದಿಷ್ಟು ದಿನ ರಸ್ತೆಯಲ್ಲಿ ಓಡಾಡಿ, "ರಸ್ತೆ ಹಿಡಿಸಲಿಲ್ಲ, ವಾಪಸ್ ತಗೊಳ್ಳಿ" ಅಂದುಬಿಟ್ಟರೆ? ಅದಕ್ಕೇ ವಾಪಸ್ ಮಾಡುವ ಗಡುವು ಮುಗಿಯಲಿ ಅಂತ ಕಾಯುತ್ತಿದ್ದದ್ದು. ಆ 14 ದಿನದ ಮೇಲೆ ಟಪಾಲಿಗೆ ಅಂತ ಇನ್ನೂ ಮೂರು ದಿನ. ಅದೇ ಪೆಟ್ರೋಲ್ ಬಂಕ್‌ನಲ್ಲಿ ಕಾಗದದ ಸ್ಟಿಕ್ಕರ್ ಕೊಂಡಿದ್ದರೆ ಆ ನಿಮಿಷದಿಂದಲೇ ಜಾರಿಯಾಗುತ್ತಿತ್ತು. ಈಗ ಒಂದು ದಿನದ ವಿನ್ಯೆಟ್ ಕೂಡ ಬಂದಿದೆ, ನಮಗೆ ಅದೇ ಸಾಕು.

ಸಾಕು ಅಂದೆನೇ? ತಡೀರಿ. ಇಟಲಿಗೆ ಇಳಿಯುವ ಬ್ರೆನ್ನರ್ ಹೆದ್ದಾರಿಗೆ ಈ ವಿನ್ಯೆಟ್ ನಡೆಯುವುದಿಲ್ಲ. ಅದಕ್ಕೆ ಬೇರೆ ಟೋಲ್. ಮದುವೆ ಊಟಕ್ಕೆ ಕೂರಿಸಿ ಪಾಯಸಕ್ಕೆ ಬೇರೆ ಬಿಲ್ ಕೊಟ್ಟ ಹಾಗೆ. ದುಡ್ಡು ಕಟ್ಟಿ ಗುಡ್ಡದ ಮೇಲೆ ಬಂದರೆ ಹಳೆಯ ಗಡಿ ಠಾಣೆಯ ಊರು ಸಿಗುತ್ತದೆ. ಅಲ್ಲಿ ಈಗ ಬ್ರ್ಯಾಂಡೆಡ್ ಬಟ್ಟೆ ಮಾರುವ ಮಾಲ್ ಇದೆ. ಕೊನೆಗೂ ಒಂದು ಗಡಿ ಮುಚ್ಚುಮರೆ ಇಲ್ಲದೆ ಅಂಗಡಿಯೇ ಆಗಿದೆ, ಅಷ್ಟರ ಮಟ್ಟಿಗೆ ಪ್ರಾಮಾಣಿಕ.

ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಇಲ್ಲದ ಆ ಟೋಲಿನ ಕತೆ ಇದ್ದದ್ದಕ್ಕಿಂತ ಚೆನ್ನಾಗಿದೆ. ನಮ್ಮವರು ಆಸ್ಟ್ರಿಯಾದಲ್ಲಿ ದುಡ್ಡು ಕೊಡುತ್ತಾರೆ, ಆಸ್ಟ್ರಿಯಾದವರು ನಮ್ಮ ರಸ್ತೆಯಲ್ಲಿ ಪುಕ್ಕಟೆ ಓಡಾಡುತ್ತಾರೆ ಅಂತ ಜರ್ಮನಿಗೆ ಹೊಟ್ಟೆಯುರಿ. ಎಲ್ಲರಿಗೂ ಟೋಲ್ ಹಾಕೋಣ, ಆದರೆ ಜರ್ಮನಿಯ ಕಾರಿನವರಿಗೆ ವಾಹನ ತೆರಿಗೆಯಲ್ಲಿ ಅದನ್ನು ಮುರಿದುಕೊಳ್ಳೋಣ ಅಂತ ಕಾನೂನು ಮಾಡಿದರು. "ಇದು ನಮ್ಮೊಬ್ಬರ ಜೇಬಿಗೆ ಕತ್ತರಿ" ಅಂತ ಕೋರ್ಟಿಗೆ ಹೋದದ್ದು ಯಾರು? ಮೂಲೆ ಮೂಲೆಯಲ್ಲಿ ವಿನ್ಯೆಟ್ ಮಾರುವ ಆಸ್ಟ್ರಿಯಾ! 2019ರ ಜೂನ್ 18ರಂದು ಯುರೋಪಿನ ನ್ಯಾಯಾಲಯ ಆ ಟೋಲನ್ನು ಬಿಸಾಕಿತು. ಅಷ್ಟು ಹೊತ್ತಿಗೆ ಜರ್ಮನಿಯ ಸಚಿವಾಲಯ ವಸೂಲಿಯ ಗುತ್ತಿಗೆ ಕೊಟ್ಟೂ ಆಗಿತ್ತು. ಗುತ್ತಿಗೆದಾರರಿಗೆ ಪರಿಹಾರ, 24 ಕೋಟಿ 30 ಲಕ್ಷ ಯೂರೋ. ಒಂದು ಕಾರೂ ಒಂದು ಪೈಸೆ ಕಟ್ಟದ ಟೋಲಿಗೆ ಸರ್ಕಾರವೇ ಕಟ್ಟಿತು. ಇದನ್ನು ಓದಿದ ದಿನ ನನಗೆ ಊರಿನ ನೆನಪಾಗಿ ಮನಸ್ಸು ತುಂಬಿ ಬಂತು.

ಇಟಲಿ ಹೆದ್ದಾರಿ ಸಲೀಸು. ಹತ್ತುವಾಗ ಚೀಟಿ ಎತ್ತಿಕೋ, ಇಳಿಯುವಾಗ ದುಡ್ಡು ಕೊಡು. ಆಟ ಶುರುವಾಗುವುದು ಊರೊಳಗೆ. ಹಳೆ ಪೇಟೆಗಳಿಗೆ ಹೊರಗಿನ ಕಾರು ಬರಬಾರದು ಅಂತ ಬೀದಿ ತುದಿಯಲ್ಲಿ ಕ್ಯಾಮೆರಾ ಇಟ್ಟಿರುತ್ತಾರೆ. ಪಕ್ಕದಲ್ಲಿ ಮಿಂಚುವ ಬೋರ್ಡು: "ವಾರ್ಕೋ ಆತ್ತಿವೋ". ದ್ವಾರ ಚಾಲೂ ಇದೆ ಅಂತ ಅರ್ಥ. ದ್ವಾರ ಚಾಲೂ ಅಂದರೆ ಒಳಗೆ ಹೋಗಬಹುದು ಅಂತ ನೀವೂ ಅಂದುಕೊಳ್ಳುತ್ತೀರಿ, ಅಲ್ವಾ? ಭಾವನೂ ಹಾಗೇ ಅಂದುಕೊಂಡರು. ಚಾಲೂ ಇರುವುದು ಕ್ಯಾಮೆರಾ. ಒಳಗೆ ಹೋಗಬಹುದು ಅನ್ನಲು "ನೋನ್ ಆತ್ತಿವೋ", ಅಂದರೆ ಚಾಲೂ ಇಲ್ಲ ಅಂತ ಬರೆದಿರಬೇಕು.

ಎರಡು ವರ್ಷದ ಹಿಂದೆ ಅಲ್ಲಿನ ಒಂದು ಊರಲ್ಲಿ ರಾತ್ರಿ ಹೊತ್ತು ಅವರು ಹೋಟೆಲ್ ಹುಡುಕುತ್ತಾ ಒಂದೇ ಚರ್ಚಿಗೆ ಮೂರು ಪ್ರದಕ್ಷಿಣೆ ಹಾಕಿದ್ದರು. ಪಕ್ಕದ ಸೀಟಿನಲ್ಲಿದ್ದ ಅಕ್ಕ, "ರೀ, ಈ ಐಸ್‌ಕ್ರೀಂ ಅಂಗಡಿ ಆಗಲೇ ಬಂದಿತ್ತಲ್ವಾ?" ಅಂತ ಕೇಳುತ್ತಲೇ ಇದ್ದಳಂತೆ. ಎಂಟು ತಿಂಗಳಾದ ಮೇಲೆ ಮನೆಗೆ ಮೂರು ಲಕೋಟೆ ಬಂದವು. ಪ್ರತಿ ಪ್ರದಕ್ಷಿಣೆಗೂ ಒಂದೊಂದು. ಮೂರರಲ್ಲೂ ಗಂಟೆ, ನಿಮಿಷ, ಸೆಕೆಂಡು ನಮೂದಾಗಿದ್ದವು. ನಮ್ಮೂರ ದೇವಸ್ಥಾನದಲ್ಲೂ ಪ್ರದಕ್ಷಿಣೆಗೆ ಇಷ್ಟು ಖಚಿತವಾದ ರಸೀದಿ ಕೊಡುವುದಿಲ್ಲ.

ಸ್ವಿಟ್ಜರ್ಲೆಂಡ್ ಇನ್ನೊಂದು ಬಗೆ. ಅರ್ಧ ದಿನ ಓಡಾಡಿದರೂ ಸರಿ, ವರ್ಷವಿಡೀ ಓಡಾಡಿದರೂ ಸರಿ, ವಿನ್ಯೆಟ್ ಒಂದೇ, 40 ಫ್ರಾಂಕ್. ಆ ವರ್ಷಕ್ಕೆ 14 ತಿಂಗಳು. ಹಿಂದಿನ ಡಿಸೆಂಬರ್‌ನಿಂದ ಮುಂದಿನ ಜನವರಿ ಕೊನೆವರೆಗೆ. ನಾವು ಒಂದು ಮಧ್ಯಾಹ್ನ ದಾಟಿ ಹೋಗುವವರು, ಉಳಿದ ತಿಂಗಳುಗಳನ್ನು ಏನು ಉಪ್ಪಿನಕಾಯಿ ಹಾಕೋಣವೇ? ಸ್ಟಿಕ್ಕರ್ ಬಿಚ್ಚಿ ನೆಂಟರ ಕಾರಿಗೆ ಹಚ್ಚುವ ಹಾಗೂ ಇಲ್ಲ, ಅದು ಅಪರಾಧ. ಬೆಲೆಯನ್ನು 100 ಫ್ರಾಂಕ್‌ಗೆ ಏರಿಸೋಣವೇ ಅಂತ 2013ರಲ್ಲಿ ಜನರ ಮತಕ್ಕೇ ಹಾಕಿದರು. ಬೇಡ ಅಂದರು. ಟೋಲ್ ಏರಿಸಲು ಜನರನ್ನು ಕೇಳುವುದೂ ಉಂಟೇ! ಅದೊಂದಕ್ಕೆ ನಾನು 40 ಫ್ರಾಂಕ್ ಸಂತೋಷವಾಗಿ ಕೊಡುತ್ತೇನೆ.

ಇನ್ನು ಹೊಗೆ. ಭಾವನ ಕಾರಿನ ಗಾಜಿಗೆ ಜರ್ಮನಿಯ ಹಸಿರು ಸ್ಟಿಕ್ಕರ್ ಇದೆ, ನಡುವೆ 4 ಅಂಕಿ. ಈ ಕಾರಿನ ಹೊಗೆ ಪರವಾಗಿಲ್ಲ, ಹೊಗೆ ಕಾರುಗಳಿಗೆ ತಡೆ ಇರುವ ಊರಿನ ವಲಯಗಳಿಗೂ ಬರಬಹುದು ಅಂತ ಅರ್ಥ. ರೈನ್ ನದಿ ದಾಟಿದರೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. ಆಚೆ ದಡಕ್ಕೆ ಟ್ರಾಮ್ ಓಡುತ್ತದೆ, ಆದರೆ ಹಸಿರು ಸ್ಟಿಕ್ಕರ್ ಓಡುವುದಿಲ್ಲ. ಫ್ರಾನ್ಸಿನದ್ದೇ ಕ್ರಿಟ್‌ಏರ್ ಅನ್ನೋ ಸ್ಟಿಕ್ಕರ್ ತರಿಸಬೇಕು, ಅದೂ ಅಂಚೆಯಲ್ಲಿ. ಬ್ಯಾಟರಿ ಕಾರಿಗೂ ಒಂದು ಸ್ಟಿಕ್ಕರ್ ಉಂಟು, ಹೊಗೆ ಬರುವುದಿಲ್ಲ ಅಂತ ಹೊಗೆ ಇಲಾಖೆ ಕೊಡುವ ಸರ್ಟಿಫಿಕೇಟು. ಇಷ್ಟರ ಮಧ್ಯೆ, ಈ ಹೊಗೆ ವಲಯಗಳೇ ಬೇಡ ಅಂತ 2025ರಲ್ಲಿ ಫ್ರಾನ್ಸಿನ ಸಂಸತ್ತಿನ ಕೆಳಮನೆಯೇ ಮತ ಹಾಕಿತು. ಜರ್ಮನಿಯ ಸ್ಟಿಕ್ಕರ್‌ಗೂ ಫ್ರಾನ್ಸಿನ ಸ್ಟಿಕ್ಕರ್‌ಗೂ ಗಾಜಿನಲ್ಲಿ ಬೇಕಾದ್ದು ಬಲಗಡೆಯ ಕೆಳಮೂಲೆಯೇ. ಅಣ್ಣತಮ್ಮಂದಿರ ಮೂಲೆ ಸೈಟಿನ ವ್ಯಾಜ್ಯದ ಹಾಗೆ.

ಫ್ರಾನ್ಸಿಗೆ ಇದು ಹೊಸದೇನಲ್ಲ. ಪ್ರತಿ ಕಾರಿನಲ್ಲೂ ಕುಡಿದದ್ದು ಪತ್ತೆ ಮಾಡುವ ಊದುಕೊಳವೆ ಇರಲೇಬೇಕು ಅಂತ 2012ರಲ್ಲಿ ಕಡ್ಡಾಯ ಮಾಡಿದರು. ಇಲ್ಲದಿದ್ದರೆ 11 ಯೂರೋ ದಂಡ ಅಂದರು. ದಂಡವನ್ನು ಮುಂದೂಡಿದರು. ಮತ್ತೆ ಮುಂದೂಡಿದರು. ಆಮೇಲೆ ದಂಡವನ್ನು ಕೈಬಿಟ್ಟರು, ಕಡ್ಡಾಯವನ್ನು ಬಿಡಲಿಲ್ಲ. 2020ರವರೆಗೆ ಅದು ಹಾಗೇ ಇತ್ತು. ಇರಲೇಬೇಕು, ಇಲ್ಲದಿದ್ದರೆ ಏನೂ ಇಲ್ಲ. ನಮ್ಮ ಹಿಂಬದಿ ಸವಾರರ ಹೆಲ್ಮೆಟ್ ಇದರ ಚಿಕ್ಕಪ್ಪನ ಮಗ ಇರಬೇಕು.

"ಭಾವ, ನಮ್ಮಲ್ಲಿ ಒಂದೇ ಫಾಸ್ಟ್ಯಾಗ್, ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ನಡೆಯುತ್ತೆ" ಅಂದೆ, ಸ್ವಲ್ಪ ಎದೆಯುಬ್ಬಿಸಿಯೇ. ಎಲ್ಲ ದೇಶಕ್ಕೂ ಒಂದೇ ಟೋಲ್ ಯಂತ್ರ ಇರಲಿ ಅಂತ ಯುರೋಪಿನವರು 2004ರಲ್ಲೇ ನಿರ್ದೇಶನ ಹೊರಡಿಸಿದ್ದರು. ಭಾವನ ಗಾಜಿನ ಮೇಲೆ ಅದು ಇನ್ನೂ ಬಂದಿಲ್ಲ. ಭಾವ ನಕ್ಕು, "ಹೋದ ಸಲ ಶ್ರೀರಂಗಪಟ್ಟಣದ ಹತ್ತಿರ ಕಾರು ಹಿಂದೆ ಮುಂದೆ ಮಾಡಿಸಿ, ಕೊನೆಗೆ ಒಬ್ಬ ಹುಡುಗ ಕೋಲಿಗೆ ಮಷಿನ್ ಕಟ್ಟಿಕೊಂಡು ಓಡಿ ಬಂದನಲ್ಲ, ಅದೇ ಟ್ಯಾಗ್ ತಾನೇ?" ಅಂದರು. ನಾನು ಆ ವಿಷಯವನ್ನು ಅಲ್ಲಿಗೇ ಬಿಟ್ಟೆ.

ಅಂದಹಾಗೆ, ಆ ಅಳಿಸಿದ ಗಡಿ. ವಲಸಿಗರ ಗಲಾಟೆ ಅಂತ 2015ರಲ್ಲಿ ಜರ್ಮನಿ ಆಸ್ಟ್ರಿಯಾ ಗಡಿಯಲ್ಲಿ ಮತ್ತೆ ಪೊಲೀಸರನ್ನು ನಿಲ್ಲಿಸಿತು. ತಾತ್ಕಾಲಿಕವಾಗಿ. ಆ ತಾತ್ಕಾಲಿಕಕ್ಕೆ ಹತ್ತು ವರ್ಷ ತುಂಬಿತು. 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ನೆಲಗಡಿಗಳಿಗೂ ವಿಸ್ತರಿಸಿತು. ಲಕ್ಸೆಂಬರ್ಗ್ ಗಡಿಯೂ ಸೇರಿ. ಅಂದರೆ ಶೆಂಗೆನ್ ಊರಿನಿಂದ ಹೊಳೆ ದಾಟಿದರೆ ಎದುರಿಗೆ ಪೊಲೀಸ್.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಭಾವ ಶೀಟನ್ನು ಪೂರ್ತಿ ಓದಿ ಹೇಳಿದರು. ಸ್ಟಿಕ್ಕರ್, ಹಳದಿ ಜಾಕೆಟ್, ತ್ರಿಕೋನ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಎಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಅಮ್ಮ ಹೂಬತ್ತಿ ಹೊಸೆಯುತ್ತಾ ಕೇಳಿಸಿಕೊಂಡರು.

"ಅದೆಲ್ಲ ಸರಿ ಅಳಿಯಂದ್ರೇ, ನನಗೆ ಶುಗರ್ ಇದೆ. ಗಂಟೆಗೊಂದು ಸಲ ಬಾತ್‌ರೂಮಿಗೆ ನಿಲ್ಲಿಸಬೇಕಾಗುತ್ತೆ. ಅದಕ್ಕೇನು ವ್ಯವಸ್ಥೆ?"

ಆ ಕಡೆ ಸದ್ದಿಲ್ಲ. ಜರ್ಮನಿ ಹೆದ್ದಾರಿಯಲ್ಲಿ ಅದಕ್ಕೆ ಒಂದು ಯೂರೋ ಅಂತ ಅಕ್ಕ ಹಿಂದಿನಿಂದ ಹೇಳಿದ್ದು ಕೇಳಿಸಿತು. ಸ್ವಿಟ್ಜರ್ಲೆಂಡಿಗೆ ಫ್ರಾಂಕ್ ಬೇರೆ ಬೇಕು. ಕೀಬೋರ್ಡ್ ಟಕಟಕ ಅಂದಿತು. ಶೀಟಿನಲ್ಲಿ ಹೊಸ ಕಾಲಂ ಮೂಡಿತು: "ಅತ್ತೆ, ಚಿಲ್ಲರೆ".