ಆರ್‌ಪಿಜಿ ಪುಸ್ತಕದ ರಿವ್ಯೂ ಬರೆಯುವ ಮೊದಲು ಒಮ್ಮೆ ಆಡಿ ನೋಡಿ

ನಮ್ಮ ಶನಿವಾರದ ಆಟಕ್ಕೆ ಹೊಸದಾಗಿ ಸೇರಿದ ಹುಡುಗ ಹೋದ ವಾರ ಮೆಸೇಜ್ ಮಾಡಿದ್ದ. "ಅಕ್ಕಾ, ಈ ಪುಸ್ತಕ ತಗೊಳ್ಳಲಾ? ರಿವ್ಯೂ ಎಲ್ಲಾ ಚೆನ್ನಾಗಿದೆ." ಜೊತೆಗೆ ನಾಲ್ಕು ರಿವ್ಯೂ ಕಳಿಸಿದ್ದ. ನಾಲ್ಕನ್ನೂ ಕೂತು ಓದಿದೆ. ಚಿತ್ರಗಳು ಅದ್ಭುತ ಅಂತ ನಾಲ್ಕರಲ್ಲೂ ಇತ್ತು. ಕಾಗದ ದಪ್ಪ, ಬೈಂಡಿಂಗ್ ಗಟ್ಟಿ, ಅಧ್ಯಾಯ ಇಷ್ಟು, ಪುಟ ಇಷ್ಟು. ಆಡಿದ್ದೇವೆ ಅಂತ ಒಬ್ಬರೂ ಬರೆದಿರಲಿಲ್ಲ. ಆಡಿಲ್ಲ ಅಂತಲೂ ಬರೆದಿರಲಿಲ್ಲ. ಅವನಿಗೆ ಏನು ಹೇಳಬೇಕೋ ತೋಚಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆರ್‌ಪಿಜಿ ಅಂದರೆ ರೋಲ್-ಪ್ಲೇಯಿಂಗ್ ಗೇಮ್, ಪಾತ್ರ ವಹಿಸಿ ಆಡುವ ಆಟ. ಇದು ಕಂಪ್ಯೂಟರ್ ಆಟದ ವಿಷಯ ಅಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಬಾಯಿಮಾತಿನಲ್ಲಿ ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರಿಗೆ ಒಂದೊಂದು ಪಾತ್ರ. "ನಾನು ಬಾಗಿಲು ಒಡೀತೀನಿ" ಅಂತ ಒಬ್ಬ ಅಂದರೆ, ಬಾಗಿಲು ಮುರಿಯಿತೋ ಇಲ್ಲವೋ ದಾಳ ಹೇಳುತ್ತದೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಅಂಡ್ ಡ್ರಾಗನ್ಸ್ ಹೊರತಂದಾಗ ಅದು ಒಂದು ಪೆಟ್ಟಿಗೆ, ಒಳಗೆ ಮೂರು ಸಣ್ಣ ಪುಸ್ತಿಕೆ. ಈಗ ಬರುವುದು ದೊಡ್ಡ ದೊಡ್ಡ ಪುಸ್ತಕಗಳು. ಹೊರದೇಶದಿಂದ ಬಂದ ಒಂದೊಂದಕ್ಕೆ ನಾನು ಮೂರು ಸಾವಿರದ ಮೇಲೆ ಕೊಟ್ಟಿದ್ದೇನೆ. ತಪ್ಪು ಪುಸ್ತಕ ಕೊಂಡರೆ ದುಡ್ಡಿನ ಜೊತೆ ಐದು ಜನರ ಶನಿವಾರಗಳೂ ಹೋಗುತ್ತವೆ.

ನಾನು ಕರಾವಳಿ ಕಡೆಯವಳು. ತಾಳಮದ್ದಲೆ ಕೇಳಿ ಬೆಳೆದವಳು. ಪ್ರಸಂಗದ ಪುಸ್ತಕ ತೆಗೆದರೆ ಒಳಗೆ ಇರುವುದು ಪದ್ಯಗಳು. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಅಲ್ಲೇ ಕೂತಲ್ಲೇ ಮಾತು ಕಟ್ಟುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ. ನನ್ನ ಅಜ್ಜ ಒಂದು ಪ್ರಸಂಗದ ಬಗ್ಗೆ ಹೇಳಿದ ಮಾತು ಇನ್ನೂ ನೆನಪಿದೆ: "ಪದ್ಯ ಚೆಂದ ಉಂಟು, ಅರ್ಥ ಹೇಳ್ಲಿಕ್ಕೆ ಜಾಗ ಇಲ್ಲ." ಅಜ್ಜ ಅದನ್ನು ರಾತ್ರಿಯಿಡೀ ಕೂತು ಕೇಳಿ ಬಂದು ಹೇಳಿದ್ದು. ಆರ್‌ಪಿಜಿ ಪುಸ್ತಕವೂ ಹಾಗೇ. ಅದರಲ್ಲಿ ಆಟ ಅರ್ಧವೇ ಇರುತ್ತದೆ. ಉಳಿದರ್ಧ ಮೇಜಿನ ಮೇಲೆ ಹುಟ್ಟಬೇಕು. ಹುಟ್ಟಲು ಪುಸ್ತಕ ಜಾಗ ಕೊಡುತ್ತದಾ ಅನ್ನುವುದೇ ನನಗೆ ರಿವ್ಯೂನಲ್ಲಿ ಬೇಕಾದದ್ದು.

ನಾನೂ ಒಮ್ಮೆ ರಿವ್ಯೂ ನಂಬಿ ಒಂದು ಪತ್ತೇದಾರಿ ಸಾಹಸದ ಪುಸ್ತಕ ಕೊಂಡಿದ್ದೆ. ಸಾಹಸ ಅಂದರೆ ಆಡಲು ಸಿದ್ಧವಾಗಿ ಬರೆದಿಟ್ಟ ಕಥೆ. ಹೆಸರು ಬೇಡ. ಓದಲು ನಿಜಕ್ಕೂ ಚೆನ್ನಾಗಿತ್ತು, ಎರಡು ರಾತ್ರಿ ಬಿಡದೆ ಓದಿದ್ದೆ. ಆಡಲು ಕೂತೆವು. ಕೊಲೆ ನಡೆದ ಮನೆ. ಡ್ರಾಯರ್‌ನಲ್ಲಿ ಒಂದು ಪತ್ರ. ಆ ಪತ್ರ ಸಿಕ್ಕರೆ ಮಾತ್ರ ಮುಂದಿನ ಊರಿಗೆ ದಾರಿ. ಪತ್ರ ಸಿಗಬೇಕಾದರೆ ದಾಳದಲ್ಲಿ ಗೆಲ್ಲಬೇಕು. ನಾಲ್ಕು ಜನ ದಾಳ ಹಾಕಿದರು, ನಾಲ್ಕೂ ಜನ ಸೋತರು. ಸೋತರೆ ಏನು ಅಂತ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಮ್ಯಾಪ್ ಒಂದು ಕಡೆ, ಕೋಣೆಯ ವಿವರ ಇನ್ನೊಂದು ಕಡೆ, ಪಾತ್ರಗಳ ಅಂಕಿಗಳು ಕೊನೆಯ ಪುಟಗಳಲ್ಲಿ. ಮೂರು ಕಡೆ ಬೆರಳಿಟ್ಟುಕೊಂಡು ಹುಡುಕುತ್ತಾ ಕೂತೆ. ಚಹಾ ಆರಿತು. ಒಬ್ಬಳು ಫೋನ್ ತೆಗೆದಳು. ಅಲ್ಲಿಗೆ ಆಟ ಮುಗಿದ ಹಾಗೇ.

ಈ ತೊಂದರೆ ಹೊಸದೇನಲ್ಲ. ಆಟಗಳನ್ನು ರೂಪಿಸುವ ರಾಬಿನ್ ಲಾಸ್, ಪತ್ತೇದಾರಿ ಆಟಗಳಿಗೆ 'ಗಮ್‌ಶೂ' ಅನ್ನುವ ನಿಯಮಗಳನ್ನು ಕಟ್ಟಿದ್ದೇ ಇದಕ್ಕೆ. ಅದರಲ್ಲಿ ಕಥೆ ಮುಂದೆ ಹೋಗಲು ಬೇಕೇ ಬೇಕಾದ ಸುಳಿವಿಗೆ ದಾಳ ಹಾಕುವ ಹಾಗಿಲ್ಲ. ಸರಿಯಾದ ಜಾಗದಲ್ಲಿ, ಸರಿಯಾದ ಕೌಶಲ ಇರುವವರು ಹುಡುಕಿದರೆ ಸಿಕ್ಕೇ ಸಿಗುತ್ತದೆ. ಹಾಗಿರುವಾಗ ಪತ್ತೇದಾರಿ ಪುಸ್ತಕ ಕೈಗೆತ್ತಿಕೊಂಡವರು "ಇಲ್ಲಿ ಸೋತರೆ ಮುಂದೇನು?" ಅಂತ ಒಮ್ಮೆಯಾದರೂ ಕೇಳಿಕೊಳ್ಳಬೇಕಲ್ವಾ?

ಆಡಿದರೆ ಏನು ಕಾಣುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಆಟಕ್ಕೆ ಹೊಸಬರಿಗೆಂದು 2014ರಲ್ಲಿ ಬಂದ ಸ್ಟಾರ್ಟರ್ ಸೆಟ್‌ನಲ್ಲಿ 'ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್' ಅನ್ನುವ ಸಾಹಸ ಇದೆ. ಸುಮಾರು ಜನ ಮೊದಲು ಆಡಿದ್ದೇ ಅದನ್ನು. ಶುರುವಿನಲ್ಲೇ ದಾರಿಗೆ ಅಡ್ಡವಾಗಿ ಸತ್ತ ಎರಡು ಕುದುರೆ, ಪಕ್ಕದ ಪೊದೆಯಲ್ಲಿ ಅಡಗಿದ ನಾಲ್ಕು ಗಾಬ್ಲಿನ್, ಅಂದರೆ ಕುಳ್ಳ ದುಷ್ಟ ಜೀವಿಗಳು. ಓದುವಾಗ ಏನೂ ಅನ್ನಿಸುವುದಿಲ್ಲ. ಲೆಕ್ಕ ಹಾಕಿ ನೋಡಿ. ಗಾಬ್ಲಿನ್ ಬಾಣ ತಗುಲಿದರೆ ಆರು ಮುಖದ ದಾಳಕ್ಕೆ ಎರಡು ಸೇರಿಸಬೇಕು, ಅಂದರೆ 3ರಿಂದ 8. ಮೊದಲ ಲೆವೆಲ್‌ನ ಮಾಂತ್ರಿಕನಿಗೆ ಇರುವ ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಡೆಯಬಲ್ಲ ಅನ್ನುವ ಲೆಕ್ಕ, ಏಳೋ ಎಂಟೋ. ಒಂದೇ ಬಾಣಕ್ಕೆ ಅವನು ನೆಲಕ್ಕೆ ಬೀಳಬಹುದು. ನಮ್ಮ ಮೇಜಿನಲ್ಲಿ ಬಿದ್ದೇಬಿಟ್ಟ. ಮೊದಲ ಸಲ ಆಡುತ್ತಿದ್ದ ಗೆಳತಿ ಮುಖ ಸಣ್ಣದು ಮಾಡಿಕೊಂಡು "ನಂದು ಆಗೋಯ್ತಾ?" ಅಂದಳು.

ಆದರೆ ಅದೇ ಪುಟದಲ್ಲಿ ಒಂದು ಮಾತಿದೆ. ಎಲ್ಲರೂ ಸೋತರೆ ಗಾಬ್ಲಿನ್‌ಗಳು ಅವರನ್ನು ಕೊಲ್ಲುವುದಿಲ್ಲ. ಪ್ರಜ್ಞೆ ತಪ್ಪಿದವರನ್ನು ಅಲ್ಲೇ ಬಿಟ್ಟು, ಅವರ ಗಾಡಿಯಲ್ಲಿದ್ದದ್ದನ್ನೆಲ್ಲ ದೋಚಿಕೊಂಡು ತಮ್ಮ ಗುಹೆಗೆ ಹೋಗುತ್ತವೆ. ಕಥೆ ನಿಲ್ಲುವುದಿಲ್ಲ, ಬದಲಿಗೆ ಗುಹೆಗೆ ಹೋಗಲು ಇನ್ನೂ ಗಟ್ಟಿ ಕಾರಣ ಸಿಗುತ್ತದೆ. ನನಗೆ ಈ ಸಾಲು ಎಷ್ಟು ಇಷ್ಟವೋ ಹೇಳತೀರದು. ಬರೆದವರು ಸೋತವರ ಬಗ್ಗೆಯೂ ಯೋಚಿಸಿದ್ದಾರೆ. "ಹೊಸಬರಿಗೆ ಒಳ್ಳೆಯದು" ಅಂತ ಸುಮ್ನೆ ಬರೆದರೆ ಓದಿದವರಿಗೆ ಏನೂ ಸಿಗಲಿಲ್ಲ. "ಮೊದಲ ಜಗಳದಲ್ಲೇ ಮಾಂತ್ರಿಕ ಬೀಳಬಹುದು, ಸೋತರೆ ಏನಾಗುತ್ತದೆ ಅನ್ನುವ ಸಾಲಿಗೆ ಮೊದಲೇ ಪೆನ್ಸಿಲ್ ಗುರುತು ಹಾಕಿಕೊಳ್ಳಿ" ಅಂತ ಬರೆದರೆ ಯಾರದ್ದೋ ಒಂದು ಸಂಜೆ ಉಳಿಯಿತು.

ಬರೀ ನಿಯಮಗಳ ಪುಸ್ತಕವಾದರೆ ನೋಡಬೇಕಾದದ್ದು ಬೇರೆ. ಪಾತ್ರ ಮಾಡಿಕೊಳ್ಳಲು ಹೊಸಬರಿಗೆ ಎಷ್ಟು ಹೊತ್ತು ಹಿಡಿಯಿತು, ಆಟದ ನಡುವೆ ಒಂದು ನಿಯಮ ಬೇಕಾದಾಗ ಪದಸೂಚಿಯಲ್ಲಿ ಸಿಕ್ಕಿತಾ, ಇಷ್ಟು ಹೇಳಿದರೂ ದೊಡ್ಡ ಉಪಕಾರ. ನೀವು ನಿಯಮ ಬದಲಿಸಿ ಆಡಿದ್ದರೆ ಅದನ್ನೂ ಹೇಳಿ. ಪುಸ್ತಕ ಪುಕ್ಕಟೆ ಬಂದಿದ್ದರೆ ಮೊದಲ ಸಾಲಿನಲ್ಲೇ ಹೇಳಿ. ಕೊಲೆಗಾರ ಯಾರು ಅಂತ ಮಾತ್ರ ದಯವಿಟ್ಟು ಮೇಲೆಯೇ ಬರೆಯಬೇಡಿ. ಅದನ್ನು ಮುಂದೆ ಆಡುವವರೂ ನಿಮ್ಮ ರಿವ್ಯೂ ಓದುತ್ತಿರುತ್ತಾರೆ.

ಎಲ್ಲರಿಗೂ ಎಲ್ಲಾ ಪುಸ್ತಕ ಆಡಿ ನೋಡಲು ಆಗುವುದಿಲ್ಲ, ನನಗೆ ಗೊತ್ತು. ಐದು ಜನರಿಗೆ ಒಂದೇ ದಿನ ಬಿಡುವು ಸಿಗುವುದೇ ಕಷ್ಟ. ಸುಮ್ನೆ ಓದಲೆಂದೇ ಕೊಳ್ಳುವವರೂ ಇದ್ದಾರೆ, ಅದರಲ್ಲಿ ತಪ್ಪೇನಿಲ್ಲ, ನನ್ನ ಕಪಾಟಿನಲ್ಲೂ ಅಂಥವು ಜಾಸ್ತಿನೇ ಇವೆ. "ಓದಿದ್ದೇನೆ, ಆಡಿಲ್ಲ" ಅಂತ ಒಂದು ಸಾಲು ಸಾಕು. ಅಷ್ಟು ಹೇಳಿದರೆ ಚಿತ್ರಗಳ ಬಗ್ಗೆ ಎಷ್ಟು ಬೇಕಾದರೂ ಬರೆಯಿರಿ, ಖುಷಿಯಿಂದ ಓದುತ್ತೇನೆ.

ಆ ಹುಡುಗನಿಗೆ ಕೊನೆಗೆ ಹೇಳಿದೆ, ಈಗಲೇ ಕೊಳ್ಳಬೇಡ, ನಾನು ತರಿಸುತ್ತೇನೆ, ಮೂರು ಶನಿವಾರ ಎಲ್ಲರೂ ಸೇರಿ ಆಡೋಣ ಅಂತ. ಪುಸ್ತಕ ಮೊನ್ನೆ ಬಂತು. ಚಿತ್ರಗಳು ನಿಜಕ್ಕೂ ಚೆನ್ನಾಗಿವೆ. ಆಡಿದ ಮೇಲೆ ರಿವ್ಯೂ ಅವನೇ ಬರೆಯುತ್ತಾನಂತೆ.