ಆ ಪ್ರಿಂಟರ್ ಕೆಟ್ಟಿಲ್ಲ, ದಯವಿಟ್ಟು ಗುಜರಿಗೆ ಹಾಕಬೇಡಿ

ಇವತ್ತು ಮತ್ತೊಂದು ಶಾಲೆಯ ಲ್ಯಾಬಿನಲ್ಲಿ ಅದೇ ದೃಶ್ಯ. ಮೂಲೆಯಲ್ಲಿ ಎಚ್‌ಪಿ ಲೇಸರ್‌ಜೆಟ್ 1020, ಒಳಗೆ ಹೊಸ 12ಎ ಕಾರ್ಟ್ರಿಜ್, ಮೇಲೆ ‘ಕೆಟ್ಟಿದೆ’ ಅಂತ ಚೀಟಿ. “ಉಬುಂಟು ಹಾಕಿದ ಮೇಲೆ ಪ್ರಿಂಟೇ ಬರ್ತಿಲ್ಲ ಸರ್” ಅಂದರು. ಉಬುಂಟು ಅಂದರೆ ವಿಂಡೋಸ್ ಬದಲು ಹಾಕುವ ಲಿನಕ್ಸ್ ವ್ಯವಸ್ಥೆ. ಹೊಟ್ಟೆ ಉರಿಯಿತು.

ಈ ಮಾದರಿ ತನ್ನನ್ನು ನಡೆಸುವ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರನ್ನು, ತನ್ನೊಳಗೆ ಇಟ್ಟುಕೊಳ್ಳುವುದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರೇ ಯುಎಸ್‌ಬಿ ಮೂಲಕ ಅದನ್ನು ಪ್ರಿಂಟರಿನ ಮೆಮೊರಿಗೆ ತುಂಬಬೇಕು. ಕರೆಂಟ್ ಹೋಗಿ ಬಂದರೆ ಮತ್ತೆ ಖಾಲಿ. ಪಿ1007, ಪಿ1008 ಕೂಡ ಇದೇ ಜಾತಿ. ಫರ್ಮ್‌ವೇರ್ ಇಲ್ಲದ 1020ಕ್ಕೆ ನೂರು ಪುಟ ಕಳಿಸಿ, ಕಂಪ್ಯೂಟರ್ ‘ಮುಗಿಯಿತು’ ಅನ್ನುತ್ತದೆ, ಹಾಳೆ ಮಾತ್ರ ಅಲ್ಲಾಡುವುದಿಲ್ಲ. ಅಷ್ಟಕ್ಕೇ ಪ್ರಿಂಟರ್ ಸತ್ತಿತು ಅಂತ ಬರೆದುಬಿಡುವುದೇ?

ಮೊದಲು ಟರ್ಮಿನಲ್‌ನಲ್ಲಿ, ಅಂದರೆ ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ, ಎಲ್‌ಎಸ್‌ಯುಎಸ್‌ಬಿ ಕೊಡಿ, ಯುಎಸ್‌ಬಿಗೆ ಸಿಕ್ಕಿಸಿದ್ದನ್ನೆಲ್ಲ ಅದು ತೋರಿಸುತ್ತದೆ. 1020ರ ಗುರುತು ಸಂಖ್ಯೆ 03ಎಫ್0:2ಬಿ17 ಇರುವ ಸಾಲು ಕಂಡರೆ ಕೇಬಲ್, ಪೋರ್ಟ್ ಎರಡೂ ಸರಿ. ಆಮೇಲೆ ಎಚ್‌ಪಿ ಪ್ರಿಂಟರುಗಳಿಗೆ ಲಿನಕ್ಸ್ ಡ್ರೈವರ್ ಕೊಡುವ ಎಚ್‌ಪಿಲಿಪ್ ಪ್ಯಾಕೇಜ್ ಹಾಕಿ, ಫರ್ಮ್‌ವೇರ್ ಇರುವ ಪ್ಲಗಿನ್ ತರಲು ಎಚ್‌ಪಿ-ಪ್ಲಗಿನ್ -ಐ ಓಡಿಸಿ. ಎಲ್ಲರೂ ಬಿಡುವುದು ಈ ಎರಡನೆಯದನ್ನೇ. ಫರ್ಮ್‌ವೇರ್ ಮುಕ್ತ ತಂತ್ರಾಂಶವಲ್ಲ, ಹಾಗಾಗಿ ಉಬುಂಟು, ಡೆಬಿಯನ್‌ನಂಥ ಲಿನಕ್ಸ್‌ಗಳು ಅದನ್ನು ಪ್ಯಾಕೇಜಿನೊಳಗೆ ಸೇರಿಸುವುದಿಲ್ಲ. ಷರತ್ತು ಒಪ್ಪಿಕೊಂಡು ನೀವೇ ಇಳಿಸಿಕೊಳ್ಳಬೇಕು.

ಪ್ಲಗಿನ್‌ನ ಆವೃತ್ತಿಯೂ ಎಚ್‌ಪಿಲಿಪ್‌ನ ಆವೃತ್ತಿಯೂ ಒಂದೇ ಇರಬೇಕು, ಕೊನೆಯ ಅಂಕಿಯವರೆಗೆ. ಉಬುಂಟು 22.04ರಲ್ಲಿ ಎಚ್‌ಪಿಲಿಪ್ 3.21.12, 24.04ರಲ್ಲಿ 3.23.12. ಸಿಸ್ಟಮ್ ಅಪ್‌ಗ್ರೇಡ್ ಮಾಡಿದ ಮಾರನೇ ದಿನ ಪ್ರಿಂಟ್ ನಿಂತಿತು ಅನ್ನುವವರೆಲ್ಲ ಇಲ್ಲೇ ನೋಡಿ. ಎಚ್‌ಪಿ-ಪ್ಲಗಿನ್ ಮತ್ತೊಮ್ಮೆ ಓಡಿಸಿದರೆ ಸಾಕು. ಲ್ಯಾಬಿನಲ್ಲಿ ಇಂಟರ್ನೆಟ್ ಇಲ್ಲದಿದ್ದರೆ ಅದೇ ಆವೃತ್ತಿಯ ಪ್ಲಗಿನ್ ಫೈಲನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಹಳೆಯ ಸಲಹೆ ಓದಿ ಇದೇ ಪ್ರಿಂಟರಿನ ಇನ್ನೊಂದು ಡ್ರೈವರ್ ಫೂ2ಝಡ್‌ಜೆಎಸ್ ಅನ್ನೂ ಹಾಕಿಕೊಂಡಿದ್ದರೆ ತೆಗೆಯಿರಿ. ಎರಡೂ ಒಂದೇ ಪ್ರಿಂಟರಿಗೆ ಕೈಹಾಕಿದರೆ ಜಗಳ ಗ್ಯಾರಂಟಿ.

ಈಗ ಪ್ರಿಂಟರ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ, ಕಿವಿಗೊಡಿ. ಆನ್ ಆದಾಗಿನ ಸದ್ದು ನಿಂತ ಮೇಲೆ ಮೋಟರ್ ಇನ್ನೊಮ್ಮೆ ಗುರ್ ಅಂದು, ದೀಪ ಮಿನುಗಿ ಸುಮ್ಮನಾಗುತ್ತದೆ. ಆ ಎರಡನೇ ಸದ್ದು ಬಂತೆಂದರೆ ಫರ್ಮ್‌ವೇರ್ ಒಳಗೆ ಹೋಯಿತು ಅಂತಲೇ ಅರ್ಥ.

“ವಿಂಡೋಸ್‌ನಲ್ಲಿ ಇದೆಲ್ಲ ತಲೆನೋವೇ ಇಲ್ಲವಲ್ಲ” ಅನ್ನುತ್ತೀರಿ. ಅಲ್ಲೂ ಪ್ರತಿ ಸಲ ಇದೇ ಫರ್ಮ್‌ವೇರ್ ಹೋಗುತ್ತದೆ ಸ್ವಾಮಿ, ಡ್ರೈವರ್ ಅದನ್ನು ಸದ್ದಿಲ್ಲದೆ ಮಾಡುತ್ತದೆ ಅಷ್ಟೆ. ಪ್ರಿಂಟರಿನ ಈ ಗುಣಕ್ಕೆ ಲಿನಕ್ಸನ್ನು ಬೈಯುವುದು ನನಗೆ ಸಹಿಸಲಾಗದ ಮಾತು. ಕ್ಯಾನನ್ ಎಲ್‌ಬಿಪಿ2900 ವಿಷಯ ಬೇರೆ, ಕಂಪ್ಯೂಟರ್ ಅದರೊಡನೆ ಮಾತಾಡಬೇಕಾದ ಕ್ಯಾನನ್‌ನದೇ ಕ್ಯಾಪ್ಟ್ ಭಾಷೆ ಲಿನಕ್ಸ್‌ನಲ್ಲಿ ನಿಜಕ್ಕೂ ಕಾಡುತ್ತದೆ, ಒಪ್ಪುತ್ತೇನೆ. ಹೊಸದು ಕೊಳ್ಳುವವರು ಏರ್‌ಪ್ರಿಂಟ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಅದಕ್ಕೆ ಡ್ರೈವರೂ ಬೇಡ, ಪ್ಲಗಿನ್ನೂ ಬೇಡ.

ಫರ್ಮ್‌ವೇರ್ ಹೋದ ಮೇಲೂ ಹಾಳೆ ಬರದಿದ್ದರೆ ಟರ್ಮಿನಲ್‌ನಲ್ಲಿ ಎಲ್‌ಪಿಸ್ಟ್ಯಾಟ್ -ಪಿ ಕೊಟ್ಟು ಪ್ರಿಂಟರಿನ ಸ್ಥಿತಿ ನೋಡಿ. ಹಿಂದೆ ಸೋತ ಕೆಲಸಗಳಿಂದ ಪ್ರಿಂಟಿಗೆ ಕಾಯುವ ಕೆಲಸಗಳ ಸಾಲು ‘ಡಿಸೇಬಲ್ಡ್’, ಅಂದರೆ ನಿಂತುಹೋಗಿ, ಇರಬಹುದು. ಮೊದಲು ಕ್ಯಾನ್ಸಲ್ -ಎ ಕೊಟ್ಟು ಹಳೆಯ ಕೆಲಸ ತೆಗೆಯಿರಿ, ಇಲ್ಲವಾದರೆ ಸಿಟ್ಟಿನಲ್ಲಿ ಹದಿನೈದು ಸಲ ಒತ್ತಿದ್ದೆಲ್ಲ ಒಟ್ಟಿಗೆ ಹೊರಬರುತ್ತದೆ. ಆಮೇಲೆ ಸಾಲು ಮತ್ತೆ ಶುರುವಾಗಲು ಕಪ್ಸ್‌ಎನೇಬಲ್ ಮುಂದೆ ಪ್ರಿಂಟರಿನ ಹೆಸರು ಕೊಡಿ.

ಕಾಗದದ ಅಳತೆಯನ್ನೂ ನೋಡಿ. ಅಮೆರಿಕದ ಅಳತೆ ಲೆಟರ್ ಅಂತ ಉಳಿದಿದ್ದರೆ ಅದು 279 ಮಿ.ಮೀ. ಉದ್ದ, ನಮ್ಮ ಎ4 ಹಾಳೆ 297. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್:631 ಪುಟ ತೆರೆದು, ಪ್ರಿಂಟರಿನ ಡೀಫಾಲ್ಟ್ ಆಯ್ಕೆಗಳಲ್ಲಿ ಎ4 ಮಾಡಿ, ಒಂದೇ ಒಂದು ಟೆಸ್ಟ್ ಪೇಜ್ ತೆಗೆಯಿರಿ. ಅದು ಬಂದ ಮೇಲೆ ಆ ಚೀಟಿ ಕಿತ್ತುಹಾಕಿ.