11 ತಿಂಗಳ ಕೆಲಸಕ್ಕೆ ಐದು ವರ್ಷದ ಪ್ಲಾನ್

ಚಿಕ್ಕಮಗಳೂರಿನ ಅಂಗಡಿಯೊಂದಕ್ಕೆ ಬಿಲ್ ಹಾಕಲು ಹುಡುಗಿ ಬೇಕಂತೆ. ಮೊದಲು ಫೋನ್ ಇಂಟರ್‌ವ್ಯೂ, ಆಮೇಲೆ ಮ್ಯಾನೇಜರ್, ಆಮೇಲೆ ಮಾಲೀಕರು, ಕೊನೆಗೆ ಮಾಲೀಕರ ಅಳಿಯ. ಅಳಿಯ ಎಂಬಿಎ, ಹಾಗಾಗಿ ಕೇಳುತ್ತಾನೆ: "ಇನ್ನು ಐದು ವರ್ಷಕ್ಕೆ ಎಲ್ಲಿರ್ತೀರಿ?" ಕೊಡುವ ಕಾಗದದಲ್ಲಿ ಇರೋದು 11 ತಿಂಗಳ ಕೆಲಸ!

ಇದಕ್ಕಿಂತ ಕಾಫಿ ತೋಟದ ಮೇಸ್ತ್ರಿ ವಾಸಿ. ಅರೇಬಿಕಾ ಹಣ್ಣಾದಾಗ ಬೆಳಗ್ಗೆ ಜೀಪಿನಿಂದ ಇಳಿದವರಿಗೆಲ್ಲ ಕೆಲಸ, ಸಂಜೆ ತಕ್ಕಡಿಯೇ ಪರೀಕ್ಷೆ, ಆಗಲಿಲ್ವಾ, ಶನಿವಾರ ಬಟವಾಡೆ ಕೊಟ್ಟು ನಮಸ್ಕಾರ. ಆಯ್ಕೆ ತಪ್ಪಾದರೆ ಹೋಗುವುದು ಅರ್ಧ ಚೀಲ ಹಣ್ಣು ಅಷ್ಟೆ. ಆದರೆ ಅದೇ ಮೇಸ್ತ್ರಿ ಗಿಡ ಕಸಿ ಮಾಡೋಕೆ, ಅಂದರೆ ಬೇಡದ ರೆಂಬೆ ಸವರೋಕೆ, ಸಿಕ್ಕಿದವರ ಕೈಗೆ ಕತ್ತರಿ ಕೊಡಲ್ಲ. ಕಾಫಿ ಕಟ್ಟುವುದು ಹಿಂದಿನ ವರ್ಷ ಬೆಳೆದ ರೆಕ್ಕೆಯಲ್ಲಿ, ಅಂದರೆ ಅಡ್ಡ ರೆಂಬೆಯಲ್ಲಿ. ಹೊಸಬ ಅದನ್ನೇ ಸವರಿ ಹಾಕಿದರೆ ಅವನನ್ನು ಶನಿವಾರ ಕಳಿಸಬಹುದು, ಮುಂದಿನ ಫಸಲನ್ನು ವಾಪಸ್ ಕರೆಸೋಕೆ ಆಗಲ್ಲ. ಅದಕ್ಕೇ ಮುಂಗಡ ಕೊಟ್ಟಾದರೂ ಹಳಬರನ್ನೇ ಹುಡುಕುತ್ತಾನೆ.

ಮೇಸ್ತ್ರಿಗೆ ಹೊಳೆದ ಈ ಲೆಕ್ಕ ಬೆಟ್ಟ ಇಳಿದು ವಿಧಾನಸೌಧ ಮುಟ್ಟಿದಂತಿಲ್ಲ. ಸೇರಿದರೆ 60ರವರೆಗೆ ಕದಲಿಸಲಾಗದ ಸರ್ಕಾರಿ ಕೆಲಸ, ಅಳೆದು ತೂಗಿ ಆರಿಸಲಿ ಬಿಡಿ. ಆರಿಸಿದರು! 362 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಕೆಪಿಎಸ್‌ಸಿ 2011ರಲ್ಲಿ ಶುರು ಮಾಡಿತು, 2014ರಲ್ಲಿ ಅಕ್ರಮ ಅಂತ ಸರ್ಕಾರವೇ ಪಟ್ಟಿ ಕೈಬಿಟ್ಟಿತು, 2018ರಲ್ಲಿ ಹೈಕೋರ್ಟೂ ಆಯ್ಕೆ ನಿಲ್ಲಲ್ಲ ಅಂದಿತು, 2022ರಲ್ಲಿ ನಿಲ್ಲುತ್ತೆ ಅಂತ ಕಾನೂನನ್ನೇ ಮಾಡಿದರು. 545 ಪಿಎಸ್‌ಐ ಹುದ್ದೆಗೆ 2021ರಲ್ಲಿ ಪರೀಕ್ಷೆ ಬರೆದವರು, ಅಲ್ಲೂ ಅಕ್ರಮ ಬಯಲಾಗಿ, 2024ರ ಜನವರಿಯಲ್ಲಿ ಮತ್ತೆ ಬರೆದರು. ನೋಡಿ, ನಿಧಾನವೂ ಸಿಕ್ಕಿತು, ಎಡವಟ್ಟೂ ಸಿಕ್ಕಿತು. ಸಾಮಾನ್ಯವಾಗಿ ಜನ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ.

ಸರ್ಕಾರಕ್ಕೆ ಬೇಗ ಕಳಿಸೋದು ಗೊತ್ತೇ ಇಲ್ಲ ಅಂತಲ್ಲ. ಪದವಿ ಕಾಲೇಜಿನ ಅತಿಥಿ ಉಪನ್ಯಾಸಕರನ್ನು ಕೇಳಿ. ವರ್ಷ ಮುಗಿಯುತ್ತಿದ್ದಂತೆ ಮನೆಗೆ, ಮುಂದಿನ ವರ್ಷ ಹೊಸಬರ ಹಾಗೆ ಅರ್ಜಿ. ಹತ್ತು ಹದಿನೈದು ವರ್ಷದಿಂದ ಅದೇ ಕಾಲೇಜು, ಅದೇ ಬೋರ್ಡು, ಅದೇ ಮೇಷ್ಟ್ರು. ಪಾಠ ಮಾಡೋಕೆ ಬರುತ್ತಾ ಅನ್ನೋ ಅನುಮಾನ ಮಾತ್ರ ಪ್ರತಿ ವರ್ಷ ಫ್ರೆಶ್. ದಾಖಲೆ ನೋಡಲು ಕೂತವನು ಅವರ ಹತ್ತಿರವೇ ಓದಿದ ಹುಡುಗನಾಗಿದ್ದರೂ ನಿಯಮ ನಿಯಮವೇ. "ಸಾರ್, ಅನುಭವದ ಸರ್ಟಿಫಿಕೇಟ್ ಒರಿಜಿನಲ್ ತಂದಿದೀರಾ?"